ಅಕ್ಯುಪಂಕ್ಚರ್ ಮಾಡಿಸಬೇಕು ಅಂತಿದ್ದೀರಾ? ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ಕಾಫಿ ಕೊಯ್ಲು ಮುಗಿಯುತ್ತಾ ಬಂದ ಹಾಗೆ ಈ ಪ್ರಶ್ನೆಗಳು ಶುರುವಾಗುತ್ತವೆ. "ಸೊಂಟ ಹಿಡ್ಕೊಂಡುಬಿಟ್ಟಿದೆ, ಅಕ್ಯುಪಂಕ್ಚರ್ ಮಾಡಿಸಬಹುದಾ?" "ಅಮ್ಮನಿಗೆ ಮಂಡಿ ನೋವು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬಂದಿದೆ. ಸೂಜಿ ಚಿಕಿತ್ಸೆ ಆಗುತ್ತಾ?" "ಶುಗರ್ ಪೂರ್ತಿ ವಾಸಿಯಾಗುತ್ತೆ ಅಂತಾರಲ್ಲ, ನಿಜವಾ?" ಸಕಲೇಶಪುರ, ಮೂಡಿಗೆರೆ, ಕೊಪ್ಪ, ಅರಸೀಕೆರೆ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆಗಳು ಬರುತ್ತಿವೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೊದಲ ಎರಡು ಪ್ರಶ್ನೆಗೆ ಉತ್ತರ: ಮಾಡಿಸಬಹುದು, ಆದರೆ ಕ್ರಮವಾಗಿ. ಮೂರನೆಯದಕ್ಕೆ ಉತ್ತರ: ಇಲ್ಲ. ಶುಗರ್ ಮಾತ್ರೆ ಬಿಡಿಸುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ.

ಏನಿದು ಅಕ್ಯುಪಂಕ್ಚರ್?

ಮೈಮೇಲಿನ ಗೊತ್ತಾದ ಜಾಗಗಳಲ್ಲಿ ಕೂದಲಿನಷ್ಟು ತೆಳುವಾದ ಸ್ಟೀಲ್ ಸೂಜಿಗಳನ್ನು ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯುವ ಚಿಕಿತ್ಸೆ ಇದು. ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಸೂಜಿಯಲ್ಲಿ ಔಷಧಿ ಇರುವುದಿಲ್ಲ. ಇಂಜೆಕ್ಷನ್ ಸೂಜಿಯ ಹಾಗೆ ಒಳಗೆ ಟೊಳ್ಳೂ ಇರುವುದಿಲ್ಲ.

ಹೋದ ಕಡೆ ಒಂದೆರಡು ಪದ ಕಿವಿಗೆ ಬೀಳುತ್ತವೆ. "ಚಿ" ಅಂದರೆ ಮೈಯಲ್ಲಿ ಹರಿಯುವ ಜೀವಶಕ್ತಿ ಅಂತ ಚೀನೀ ವೈದ್ಯರ ಲೆಕ್ಕ. ಅದು ಹರಿಯುವ ದಾರಿಗಳಿಗೆ "ಮೆರಿಡಿಯನ್" ಅನ್ನುತ್ತಾರೆ. ಮುಖ್ಯವಾದವು 12. ಆ ದಾರಿಗಳ ಮೇಲಿನ ಜಾಗಗಳೇ "ಪಾಯಿಂಟ್". ಶಾಸ್ತ್ರದ ಪ್ರಕಾರ 361 ಪಾಯಿಂಟ್‌ಗಳಿವೆ. ದೇಹವನ್ನು ಕೊಯ್ದು ನೋಡಿದರೆ ಮೆರಿಡಿಯನ್ ಅನ್ನುವ ನಾಳ ಎಲ್ಲೂ ಸಿಗುವುದಿಲ್ಲ. ಹಾಗಾದರೆ ನೋವು ಯಾಕೆ ಕಡಿಮೆಯಾಗುತ್ತದೆ? ಸೂಜಿ ಚರ್ಮದ ಕೆಳಗಿನ ನರಗಳನ್ನು ಕೆರಳಿಸುತ್ತದೆ. ಆ ಸಂದೇಶ ಬೆನ್ನುಹುರಿಗೂ ಮಿದುಳಿಗೂ ಹೋಗುತ್ತದೆ. ದೇಹವೇ ತಯಾರಿಸುವ ನೋವು ನಿವಾರಕಗಳು, ಅಂದರೆ ಎಂಡಾರ್ಫಿನ್‌ಗಳು, ಬಿಡುಗಡೆಯಾಗುತ್ತವೆ. ಇದು ಇವತ್ತಿನ ವಿಜ್ಞಾನದ ವಿವರಣೆ. ನಂಬಿಕೆಯ ಪಾಲೂ ಇದರಲ್ಲಿದೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ದೇಶಕ್ಕೆ ಇದು ಬಂದ ಕಥೆ ಚೆನ್ನಾಗಿದೆ. 1938ರಲ್ಲಿ ಯುದ್ಧದ ನಡುವೆ ಚೀನಾಕ್ಕೆ ನೆರವಾಗಲು ಭಾರತದಿಂದ ಐವರು ವೈದ್ಯರು ಹೋದರು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರಲ್ಲೊಬ್ಬರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾ. ಬಿ.ಕೆ. ಬಸು ಮುಂದೆ 1950ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು, ಕೋಲ್ಕತ್ತಾದಲ್ಲಿ ಚಿಕಿತ್ಸೆ ಶುರು ಮಾಡಿದರು.

ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಪ್ರಯೋಜನ ಕಂಡಿರುವುದು ಮುಖ್ಯವಾಗಿ ಹಳೆಯ ನೋವುಗಳಲ್ಲಿ. ತಿಂಗಳುಗಟ್ಟಲೆ ಕಾಡುವ ಸೊಂಟ ನೋವು, ಕತ್ತು ನೋವು, ಮಂಡಿ ಸವೆತದ ನೋವು, ಪದೇ ಪದೇ ಬರುವ ಅರೆತಲೆ ನೋವು, ಒತ್ತಡದ ತಲೆನೋವು. ಇವಲ್ಲದೆ ಆಪರೇಷನ್ ಆದ ಮೇಲೆ ಅಥವಾ ಕ್ಯಾನ್ಸರ್‌ನ ಕೀಮೋ ಆದ ಮೇಲೆ ಬರುವ ವಾಕರಿಕೆ. ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ಚಿಕಿತ್ಸೆಗಳಲ್ಲಿ ಇದೂ ಒಂದು ಅಂತ ಅಮೆರಿಕದ ವೈದ್ಯರ ಸಂಘ "ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್" 2017ರಲ್ಲಿ ಹೇಳಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಅರೆತಲೆ ನೋವು ತಡೆಯಲು ಇದನ್ನು ಒಪ್ಪಿಕೊಂಡರೂ, ಸೊಂಟ ನೋವಿಗೆ ಬೇಡ ಅಂತ 2016ರಲ್ಲಿ ಹೇಳಿತು. ಅಂದರೆ ಬಲ್ಲವರಲ್ಲೇ ಒಮ್ಮತ ಇಲ್ಲ.

ಒಮ್ಮತ ಯಾಕಿಲ್ಲ ಅನ್ನುವುದು ಒಂದು ಅಧ್ಯಯನ ನೋಡಿದರೆ ಅರ್ಥವಾಗುತ್ತದೆ. ಜರ್ಮನಿಯಲ್ಲಿ ಹಳೆಯ ಸೊಂಟ ನೋವಿದ್ದ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಸರಿಯಾದ ಪಾಯಿಂಟ್‌ಗಳಲ್ಲಿ ಸೂಜಿ. ಇನ್ನೊಂದಕ್ಕೆ ಪಾಯಿಂಟ್ ಅಲ್ಲದ ಜಾಗದಲ್ಲಿ, ಮೇಲೆ ಮೇಲೆ ಸೂಜಿ. ಮೂರನೆಯದಕ್ಕೆ ಮಾತ್ರೆ, ವ್ಯಾಯಾಮದಂಥ ಮಾಮೂಲಿ ಚಿಕಿತ್ಸೆ. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ತಿಂಗಳ ನಂತರ ಸುಧಾರಿಸಿದವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಸೂಜಿ ಚುಚ್ಚಿಸಿಕೊಂಡವರು ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು. ಆದರೆ ಸರಿಯಾದ ಪಾಯಿಂಟಿಗೂ ತಪ್ಪು ಪಾಯಿಂಟಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದು, ಒಬ್ಬರು ಅರ್ಧ ಗಂಟೆ ಕೂತು ನಮ್ಮ ನೋವು ಕೇಳುವುದು, ವಾಸಿಯಾಗುತ್ತದೆ ಅನ್ನುವ ಭರವಸೆ, ಇವೆಲ್ಲದರ ಪಾಲೂ ಇದರಲ್ಲಿದೆ ಅಂತ ನಾನು ನಂಬಿದ್ದೇನೆ. ಅಷ್ಟಕ್ಕೇ ಇದನ್ನು ಸುಳ್ಳು ಅನ್ನಬೇಕಿಲ್ಲ. ನೋವು ಇಳಿದರೆ ಇಳಿದ ಹಾಗೇ. ಆದರೆ ಇದು ಪವಾಡವೂ ಅಲ್ಲ.

ಆಗದೇ ಇರುವ ಪಟ್ಟಿ ದೊಡ್ಡದು. ಶುಗರ್, ಬಿಪಿ, ಥೈರಾಯ್ಡ್, ಕಿಡ್ನಿ ಕಾಯಿಲೆ, ಕ್ಯಾನ್ಸರ್, ಟಿಬಿ, ಮೂರ್ಛೆ ರೋಗ, ಯಾವುದೇ ಸೋಂಕು. ಇವುಗಳನ್ನು ಸೂಜಿ ವಾಸಿ ಮಾಡುವುದಿಲ್ಲ. ಸವೆದ ಮಂಡಿಯ ಮೂಳೆಯನ್ನೂ ಅದು ಮತ್ತೆ ಬೆಳೆಸುವುದಿಲ್ಲ, ನೋವನ್ನಷ್ಟೇ ತಗ್ಗಿಸಬಹುದು.

ಹಂತ 1: ಮೊದಲು ಕಾಯಿಲೆ ಯಾವುದು ಅಂತ ಗೊತ್ತುಮಾಡಿಕೊಳ್ಳಿ

ಈ ಹಂತವನ್ನು ಬಿಡಲೇಬೇಡಿ. ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸೂಜಿಗೆ ಮೊದಲು ಕಾಯಿಲೆಗೆ ಒಂದು ಹೆಸರು ಸಿಗಬೇಕು. ಸೊಂಟ ನೋವು ಅನ್ನುವುದು ಕಾಯಿಲೆಯಲ್ಲ, ಲಕ್ಷಣ. ಗೊಬ್ಬರದ ಚೀಲ ಎತ್ತಿ ಉಳುಕಿದ್ದೂ ಸೊಂಟ ನೋವೇ, ಕಿಡ್ನಿ ಕಲ್ಲೂ ಸೊಂಟ ನೋವೇ, ಬೆನ್ನುಮೂಳೆಯ ಟಿಬಿಯೂ ಸೊಂಟ ನೋವೇ. ತಾಲ್ಲೂಕು ಆಸ್ಪತ್ರೆಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ಮೂಳೆ ಡಾಕ್ಟರ ಹತ್ತಿರ ತೋರಿಸಿ. ಬೇಕು ಅಂದರೆ ಎಕ್ಸ್‌ರೇ, ರಕ್ತ ಪರೀಕ್ಷೆ ಮಾಡಿಸಿ. ಆ ಚೀಟಿ ಇಟ್ಟುಕೊಳ್ಳಿ.

ಕೆಳಗಿನವು ಇದ್ದರೆ ಅಕ್ಯುಪಂಕ್ಚರ್ ಮಾತೇ ಬೇಡ, ನೇರ ಆಸ್ಪತ್ರೆಗೆ ಹೋಗಿ:

– ಸೊಂಟ ನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ತೊಡೆಯ ಸಂದು ಮರಗಟ್ಟುವುದು, ಕಾಲು ಎತ್ತಲಾಗದೆ ಎಳೆಯುವುದು.

– ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದಾಗ ನೋವು ಜಾಸ್ತಿಯಾಗುವುದು.

– ಬಿದ್ದ ಮೇಲೆ ಶುರುವಾದ ನೋವು. ಮೆಣಸು ಬಿಡಿಸುವಾಗ ಏಣಿಯಿಂದ ಬಿದ್ದವರು "ಏನೂ ಆಗಿಲ್ಲ" ಅಂತ ಎಣ್ಣೆ ತಿಕ್ಕಿಸಿಕೊಂಡು ಸುಮ್ನಿರುತ್ತಾರೆ. ಎಕ್ಸ್‌ರೇ ಆಗದೆ ಸೂಜಿಗೆ ಹೋಗಬೇಡಿ.

– ಸಿಡಿಲು ಬಡಿದ ಹಾಗೆ ಏಕಾಏಕಿ ಬಂದ ತಲೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಸೋಲುವುದು.

– ಎದೆ ಹಿಂಡಿದ ಹಾಗಾಗುವುದು, ಎಡ ಭುಜ ಅಥವಾ ದವಡೆಗೆ ಹಬ್ಬುವ ನೋವು, ಜೊತೆಗೆ ಬೆವರು. 2025ರಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಹಾಸನ ಜಿಲ್ಲೆಯನ್ನೇ ಹೆದರಿಸಿತ್ತು, ಅದು ಎಲ್ಲರಿಗೂ ನೆನಪಿದೆ. ಭುಜದ ನೋವು ಅಂತ ಸೂಜಿ ಹಾಕಿಸಿಕೊಂಡು ಕೂರಬೇಡಿ. ಮೊದಲು ಇಸಿಜಿ.

ಮಲೆನಾಡಿನವರು ಇನ್ನೊಂದನ್ನು ಗಮನಿಸಬೇಕು. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆ ಕಾಡಿಗೆ, ತೋಟಕ್ಕೆ ಹೋಗಿ ಬಂದವರಿಗೆ ಉಣುಗು ಕಚ್ಚಿ ಇದು ಬರುತ್ತದೆ. ಶುರುವಾಗುವುದೇ ಜ್ವರ, ವಿಪರೀತ ತಲೆನೋವು, ಸೊಂಟ–ಮೈಕೈ ನೋವಿನಿಂದ. ಕೊಯ್ಲಿನ ಸುಸ್ತು ಅಂದುಕೊಳ್ಳುವುದು ಸುಲಭ. ಈ ಕಾಯಿಲೆಯಲ್ಲಿ ಮೂಗು, ಒಸಡಿನಿಂದ ರಕ್ತ ಸೋರಬಹುದು. ಅಂಥ ಮೈಗೆ ಸೂಜಿ ಚುಚ್ಚುವುದು ಅಪಾಯ. ಮಳೆಗಾಲದ ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿದಾಗ ಇದೇ ಕಥೆ. ಜ್ವರ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಬಿಟ್ಟು, ಚೇತರಿಸಿಕೊಂಡ ಮೇಲೆ ಮಾತ್ರ ಮುಂದಿನ ಯೋಚನೆ.

ಹಂತ 2: ನಿಮ್ಮ ಮೈಗೆ ಇದು ಸರಿಹೋಗುತ್ತದಾ ನೋಡಿ

ಒಂದು ಹಾಳೆಯಲ್ಲಿ ನೀವು ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಶೀಟನ್ನೇ ತೆಗೆದುಕೊಂಡು ಹೋಗಿ. ಕೆಲವರು ಸೂಜಿಗೆ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಅದನ್ನು ಹೇಳಲೇಬೇಕು. ಆಸ್ಪಿರಿನ್, ಕ್ಲೊಪಿಡೋಗ್ರೆಲ್, ವಾರ್ಫರಿನ್ ಇಂಥವು. ಹೇಳಿ ಅಂದೆ, ನಿಲ್ಲಿಸಿ ಅನ್ನಲಿಲ್ಲ. ಸೂಜಿಗೋಸ್ಕರ ಆ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಕಟ್ಟಿಕೊಂಡು ಜೀವಕ್ಕೇ ಕುತ್ತು ಬರಬಹುದು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡವೇ ಬೇಡ. ಬಸುರಿಯರಿಗೆ ಹೆಬ್ಬೆರಳು–ತೋರುಬೆರಳ ನಡುವಿನ ಪಾಯಿಂಟ್, ಕಣಕಾಲಿನ ಒಳಬದಿಯ ಪಾಯಿಂಟ್ ಇಂಥ ಕೆಲವನ್ನು ಸಾಂಪ್ರದಾಯಿಕವಾಗಿಯೇ ಬಿಡುತ್ತಾರೆ. ಅನುಮಾನ ಇದ್ದರೂ ಸಾಕು, ಮೊದಲೇ ಹೇಳಿ.

ಬಹಳ ವರ್ಷದಿಂದ ಶುಗರ್ ಇದ್ದು ಪಾದ ಜೋಮು ಹಿಡಿದವರು ಪಾದಕ್ಕೆ ಸೂಜಿ ಹಾಕಿಸಿಕೊಳ್ಳಬೇಡಿ. ಗಾಯವಾದರೆ ಗೊತ್ತಾಗುವುದಿಲ್ಲ, ಬೇಗ ಮಾಯುವುದೂ ಇಲ್ಲ. ಸ್ತನದ ಕ್ಯಾನ್ಸರ್ ಆಪರೇಷನ್ ಆಗಿ ತೋಳು ಊದಿದ್ದರೆ ಆ ತೋಳಿಗೂ ಬೇಡ. ಮಳೆಗಾಲದಲ್ಲಿ ಗಂಬೂಟಿನೊಳಗೆ ನೆಂದು ನೆಂದು ಬೆರಳ ಸಂದು ಕೊಳೆತವರು ಅದು ವಾಸಿಯಾದ ಮೇಲೆ ಹೋಗಿ. ಸೋಂಕಿರುವ ಚರ್ಮದ ಮೂಲಕ ಸೂಜಿ ಇಳಿಯಬಾರದು.

ಹಂತ 3: ಯಾರ ಹತ್ತಿರ ಹೋಗಬೇಕು?

ನಮ್ಮ ಎರಡು ಜಿಲ್ಲೆಯವರು ಎಡವುವುದು ಜಾಸ್ತಿ ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಕೇಂದ್ರ ಸರ್ಕಾರ 2019ರಲ್ಲಿ ಒಪ್ಪಿಕೊಂಡಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳಲ್ಲಿ ಇದಕ್ಕೇ ಪ್ರತ್ಯೇಕ ಕಾನೂನಿದೆ. ನಮ್ಮಲ್ಲಿ ಹಾಗೆ ಪ್ರತ್ಯೇಕ ಮಂಡಳಿ ಇಲ್ಲ. ಹಾಗಾಗಿ "ಅಕ್ಯುಪಂಕ್ಚರಿಸ್ಟ್" ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಏನೂ ಖಾತ್ರಿಯಾಗುವುದಿಲ್ಲ. ನೀವೇ ನೋಡಿ ಆರಿಸಿಕೊಳ್ಳಬೇಕು.

ನಮ್ಮ ಕಡೆ ಸುರಕ್ಷಿತ ದಾರಿ ಅಂದರೆ ಬಿಎನ್‌ವೈಎಸ್ ಓದಿದ ಡಾಕ್ಟರು. ಇದು ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಐದೂವರೆ ವರ್ಷದ ಪದವಿ. ಅಕ್ಯುಪಂಕ್ಚರ್ ಅದರ ಪಾಠದಲ್ಲೇ ಇದೆ. ಚಾರ್ಮಾಡಿ ಘಾಟಿ ಇಳಿದರೆ ಸಿಗುವ ಉಜಿರೆಯಲ್ಲಿ 1989ರಿಂದ ಇಂಥ ಕಾಲೇಜಿದೆ. ಮೈಸೂರಿನಲ್ಲಿ ಸರ್ಕಾರಿ ಕಾಲೇಜೇ ಇದೆ. ಎಂಬಿಬಿಎಸ್ ಮಾಡಿ ಆಮೇಲೆ ಅಕ್ಯುಪಂಕ್ಚರ್ ತರಬೇತಿ ಪಡೆದವರೂ ಇದ್ದಾರೆ. ಹತ್ತಿರದಲ್ಲಿ ಯಾರಿದ್ದಾರೆ ಅಂತ ತಿಳಿಯಲು ಜಿಲ್ಲಾ ಆಯುಷ್ ಕಚೇರಿಯಲ್ಲಿ ಕೇಳಬಹುದು. ಆಯುರ್ವೇದ ಬೇರೆ, ಇದು ಬೇರೆ. ಎರಡೂ ಆಯುಷ್ ಬೋರ್ಡಿನ ಕೆಳಗೆ ಕಾಣುವುದರಿಂದ ಜನ ಕಲಸಿಬಿಡುತ್ತಾರೆ. ಕೆಲವು ಫಿಸಿಯೋಥೆರಪಿಸ್ಟ್‌ಗಳು "ಡ್ರೈ ನೀಡ್ಲಿಂಗ್" ಅಂತ ಮಾಡುತ್ತಾರೆ. ಸೂಜಿ ಅದೇ, ಆದರೆ ಮೆರಿಡಿಯನ್ ಲೆಕ್ಕ ಇಲ್ಲ. ಗಂಟು ಕಟ್ಟಿದ ಮಾಂಸಖಂಡಕ್ಕೇ ನೇರವಾಗಿ ಚುಚ್ಚುತ್ತಾರೆ.

ಒಳಗೆ ಹೋದಾಗ ಗೋಡೆ ನೋಡಿ. ಖಾಸಗಿ ಕ್ಲಿನಿಕ್ ಆದರೆ ಕೆಪಿಎಂಇ ನೋಂದಣಿ ಪತ್ರ ಎದುರಿಗೇ ಕಾಣಬೇಕು. ಇದು ಖಾಸಗಿ ವೈದ್ಯಕೀಯ ಸಂಸ್ಥೆಗಳಿಗೆ ರಾಜ್ಯ ಸರ್ಕಾರ ಕೊಡುವ ಪರವಾನಗಿ. ಡಾಕ್ಟರ ಹೆಸರು, ಪದವಿ, ನೋಂದಣಿ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಕೇಳಿ. ಕೇಳುವುದು ಅಗೌರವ ಅಲ್ಲ. ಸರಿಯಾಗಿ ಓದಿದವರು ಬೇಜಾರು ಮಾಡಿಕೊಳ್ಳದೆ ತೋರಿಸುತ್ತಾರೆ.

ಎಚ್ಚರ ವಹಿಸಬೇಕಾದ ಮಾತುಗಳೂ ಇವೆ. ಕಲ್ಯಾಣ ಮಂಟಪದಲ್ಲಿ ಎರಡು ದಿನದ ಶಿಬಿರ ಇಟ್ಟು "ಮಾತ್ರೆ ಬಿಸಾಕಿ" ಅನ್ನುವವರು. "ರಕ್ತ ಪರೀಕ್ಷೆ ಬೇಡ, ನಾಡಿ ಹಿಡಿದರೆ ಸಾಕು" ಅನ್ನುವವರು. "ಒಂದೇ ಪಾಯಿಂಟ್, ಎಲ್ಲ ಕಾಯಿಲೆಗೂ" ಅನ್ನುವವರು. ಗ್ಯಾರಂಟಿ ಕೊಟ್ಟು ಇಪ್ಪತ್ತು ಸಲದ ದುಡ್ಡು ಮೊದಲೇ ಕಟ್ಟಿಸಿಕೊಳ್ಳುವವರು. ಶುಗರ್, ಬಿಪಿ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಔಷಧಿ ಅಥವಾ ಪವಾಡ ಚಿಕಿತ್ಸೆಯ ಜಾಹೀರಾತು ಕೊಡುವುದಕ್ಕೇ ನಮ್ಮ ದೇಶದಲ್ಲಿ 1954ರಿಂದ ನಿಷೇಧ ಇದೆ. 2024ರ ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ತಾಯಿ, ಮಗು ಇಬ್ಬರೂ ತೀರಿಕೊಂಡರು. ಆ ಪ್ರಕರಣದಲ್ಲಿ ಅಕ್ಯುಪಂಕ್ಚರ್ ಮಾಡುತ್ತಿದ್ದವನೊಬ್ಬನ ಬಂಧನವೂ ಆಯಿತು. ಒಂದು ಒಳ್ಳೆಯ ಚಿಕಿತ್ಸೆಯ ಹೆಸರು ಹೇಳಿಕೊಂಡು ಜೀವ ತೆಗೆಯುವ ಇಂಥ ಕೆಲಸ ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯವರು ಇಂಥ ಮಾತಿಗೆ ಮರುಳಾಗಿದ್ದರೆ ಕೂರಿಸಿಕೊಂಡು ತಾಳ್ಮೆಯಿಂದ ಹೇಳಿ.

ಹಂತ 4: ಫೋನಿನಲ್ಲೇ ಕೇಳಿ

ಒಂದು ಸಲಕ್ಕೆ ಎಷ್ಟು ದುಡ್ಡು? ಒಟ್ಟು ಎಷ್ಟು ಸಲ ಬರಬೇಕಾಗಬಹುದು? ಸೂಜಿ ಪ್ರತಿ ಸಲ ಹೊಸದಾ? ಹೆಂಗಸರಾದರೆ, ಮಹಿಳಾ ಡಾಕ್ಟರ್ ಅಥವಾ ನರ್ಸ್ ಇರುತ್ತಾರಾ? ಇಷ್ಟು ಕೇಳಿದರೆ ಸಾಕು. ಆರೋಗ್ಯ ವಿಮೆ ಇದ್ದರೂ ಬಂದು ಹೋಗುವ ಹೊರರೋಗಿ ಚಿಕಿತ್ಸೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ನಂಬಿಕೊಂಡು ಹೋಗಬೇಡಿ, ಮೊದಲೇ ಕಂಪನಿಗೆ ಕೇಳಿ.

ಬಸ್ಸಿನ ಲೆಕ್ಕವನ್ನೂ ಹಾಕಿ. ಇದು ಒಂದು ಸಲಕ್ಕೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲ, ಐದಾರು ವಾರ. ಶೃಂಗೇರಿಯಿಂದ ಚಿಕ್ಕಮಗಳೂರಿಗೆ ಪ್ರತಿ ಸಲ ಘಾಟಿ ರಸ್ತೆಯಲ್ಲಿ ಕುಲುಕಿಕೊಂಡು ಹೋಗಿ ಬಂದರೆ, ಸೂಜಿಯಿಂದ ಇಳಿದ ಸೊಂಟ ನೋವು ಬಸ್ಸಿನಲ್ಲೇ ವಾಪಸ್ ಬರಬಹುದು. ದೂರದವರು ಕೊಯ್ಲಿನ ಗಡಿಬಿಡಿ ಇಲ್ಲದ ತಿಂಗಳಲ್ಲಿ, ಪೇಟೆಯಲ್ಲಿರುವ ನೆಂಟರ ಮನೆಯಲ್ಲಿ ಉಳಿದು ಮಾಡಿಸಿಕೊಳ್ಳುವುದು ಒಳ್ಳೆಯದು.

ಹಂತ 5: ಹೋಗುವ ದಿನ

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ತಲೆಸುತ್ತು ಬರಲು ಅದೇ ದೊಡ್ಡ ಕಾರಣ. ಹಾಗಂತ ಹೊಟ್ಟೆ ಬಿರಿಯ ಮುದ್ದೆ ಉಂಡು ಬೋರಲು ಮಲಗಲೂ ಆಗುವುದಿಲ್ಲ. ಒಂದೆರಡು ಗಂಟೆ ಮೊದಲು ಹಗುರವಾಗಿ ತಿಂಡಿ ತಿನ್ನಿ. ಶುಗರ್, ಬಿಪಿ ಮಾತ್ರೆ ಎಂದಿನಂತೆ ನುಂಗಿ. ಮಂಡಿಯವರೆಗೆ, ಮೊಣಕೈವರೆಗೆ ಸಲೀಸಾಗಿ ಮೇಲೆತ್ತಬಹುದಾದ ಸಡಿಲ ಬಟ್ಟೆ ಹಾಕಿ. ಕುಡಿದು ಹೋಗಬೇಡಿ. ಹಳೆಯ ಚೀಟಿ, ಎಕ್ಸ್‌ರೇ, ಮಾತ್ರೆಯ ಪಟ್ಟಿ ಮರೆಯಬೇಡಿ.

ಹಂತ 6: ಒಳಗೆ ಏನಾಗುತ್ತದೆ?

ಮೊದಲ ದಿನ ಹೆಚ್ಚು ಹೊತ್ತು ಮಾತಿಗೇ ಹೋಗುತ್ತದೆ. ನೋವು ಎಲ್ಲಿ, ಯಾವಾಗ, ನಿದ್ದೆ ಹೇಗಿದೆ, ಊಟ ಸೇರುತ್ತದಾ ಅಂತೆಲ್ಲ ಕೇಳುತ್ತಾರೆ. ನಾಲಿಗೆ ನೋಡುತ್ತಾರೆ, ಎರಡೂ ಕೈಯ ನಾಡಿ ಹಿಡಿಯುತ್ತಾರೆ. ಇದು ಚೀನೀ ಪದ್ಧತಿಯ ಕ್ರಮ. ಇಷ್ಟರಿಂದಲೇ "ನಿಮ್ಮ ಕಿಡ್ನಿ ವೀಕ್" ಅಂತ ಯಾರಾದರೂ ಅಂದರೆ ಗಾಬರಿಯಾಗಬೇಡಿ. ಆ ಪದ್ಧತಿಯಲ್ಲಿ ಕಿಡ್ನಿ ಅನ್ನುವುದು ಒಂದು ಮೆರಿಡಿಯನ್ನಿನ ಹೆಸರೂ ಹೌದು. ನಿಜವಾದ ಕಿಡ್ನಿ ಹೇಗಿದೆ ಅಂತ ರಕ್ತ, ಮೂತ್ರ ಪರೀಕ್ಷೆಯೇ ಹೇಳಬೇಕು.

ಆಮೇಲೆ ಸೂಜಿ. ಇಲ್ಲಿ ಕಣ್ಣು ಬಿಟ್ಟು ನೋಡಿ. ಸೂಜಿಗಳು ಒಂದು ಕಡೆ ಕಾಗದ, ಇನ್ನೊಂದು ಕಡೆ ಪ್ಲಾಸ್ಟಿಕ್ ಇರುವ ಚಿಕ್ಕ ಪೊಟ್ಟಣದಲ್ಲಿ ಬರುತ್ತವೆ. ಅದರ ಮೇಲೆ ಸ್ಟೆರೈಲ್ ಅಂತಲೂ ಎಕ್ಸ್‌ಪೈರಿ ತಾರೀಖೂ ಇರುತ್ತದೆ. ಪೊಟ್ಟಣವನ್ನು ನಿಮ್ಮೆದುರೇ ಹರಿಯಬೇಕು. ಸ್ಪಿರಿಟ್ಟಿನ ಬಟ್ಟಲಲ್ಲಿ ನೆನೆಸಿಟ್ಟ ಸೂಜಿ ತೆಗೆದರೆ ಅಲ್ಲಿಂದ ಎದ್ದು ಬನ್ನಿ. "ಬಿಸಿನೀರಲ್ಲಿ ಕುದಿಸಿದ್ದೇವೆ", "ನಿಮ್ಮ ಹೆಸರು ಬರೆದು ಬೇರೆ ಇಟ್ಟಿದ್ದೇವೆ" ಅಂದರೂ ಬೇಡ. ಹೆಪಟೈಟಿಸ್ ಬಿ, ಅಂದರೆ ಲಿವರ್ ಹಾಳು ಮಾಡುವ ವೈರಸ್, ಹರಡಲು ಅಂಥ ಒಂದು ಸೂಜಿ ಸಾಕು. ಬಳಸಿದ ಸೂಜಿ ಹಾಕಲು ತೂತು ಬೀಳದ ಬಿಳಿ ಅರೆಪಾರದರ್ಶಕ ಡಬ್ಬ ಇರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುವುದು ಅದನ್ನೇ. ಡಬ್ಬ ಮೂಲೆಯಲ್ಲಿ ಕಾಣುತ್ತಿದ್ದರೆ ಒಳ್ಳೆಯ ಲಕ್ಷಣ.

ಸೂಜಿಯ ದಪ್ಪ ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು. ರಟ್ಟೆಗೆ ಇಂಜೆಕ್ಷನ್ ಕೊಡುವ ಸೂಜಿ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಒಂದು ಪುಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಒಳಗಿನ ಸೂಜಿಯ ತಲೆಗೆ ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ. ಕೊಳವೆಯ ಒತ್ತಡದಲ್ಲಿ ಚುಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆಮೇಲೆ ಸೂಜಿಯನ್ನು ಸ್ವಲ್ಪ ಒಳಗೆ ಇಳಿಸಿ ಮೆಲ್ಲಗೆ ತಿರುಗಿಸುತ್ತಾರೆ. ಆಗ ಆ ಜಾಗ ಭಾರವಾಗುತ್ತದೆ, ಜೋಮು ಹಿಡಿದ ಹಾಗೆ, ಒಳಗೆಲ್ಲೋ ಮಂದವಾಗಿ ನೋಯುವ ಹಾಗೆ ಆಗುತ್ತದೆ. ಇದಕ್ಕೆ "ಡೆ ಚಿ" ಅನ್ನುತ್ತಾರೆ. ಇದು ಬರಬೇಕಾದದ್ದೇ. ಬರಬಾರದ್ದು ಯಾವುದು ಅಂದರೆ ಕರೆಂಟ್ ಹೊಡೆದ ಹಾಗೆ ಕಾಲಿನುದ್ದಕ್ಕೂ ಜಿಗಿಯುವ ನೋವು, ಅಥವಾ ಉರಿ. ಅದಾದರೆ ತಕ್ಷಣ ಬಾಯಿ ಬಿಟ್ಟು ಹೇಳಿ. "ತಡ್ಕೊಳ್ಳಿ" ಅಂದರೂ ತಡೆದುಕೊಳ್ಳಬೇಡಿ.

ಮಂಡಿ ನೋವಿಗೆ ಮಂಡಿಗೇ ಚುಚ್ಚುತ್ತಾರೆ ಅಂತೇನಿಲ್ಲ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಕಣಕಾಲಿನ ಮೂಳೆಯ ಹೊರಬದಿಗೆ ಒಂದು ಬೆರಳು ಸರಿದು ಒಂದು ಹೆಸರಾಂತ ಪಾಯಿಂಟ್ ಇದೆ. ಅಲ್ಲಿಗೂ ಹಾಕುತ್ತಾರೆ, ಕೈಗೂ ಹಾಕಬಹುದು. ಸೂಜಿಗಳನ್ನು ಇಪ್ಪತ್ತರಿಂದ ಮೂವತ್ತು ನಿಮಿಷ ಹಾಗೇ ಬಿಡುತ್ತಾರೆ. ಆ ಹೊತ್ತು ಅಲುಗಾಡಬೇಡಿ, ಫೋನ್ ನೋಡಲು ಕೈ ಎತ್ತಬೇಡಿ. ಹೆಚ್ಚಿನವರಿಗೆ ಜೋಂಪು ಹತ್ತುತ್ತದೆ. ಬೆವರು, ವಾಕರಿಕೆ, ಕಣ್ಣು ಕತ್ತಲೆ ಬಂದರೆ ಕೂಗಿ ಕರೆಯಿರಿ. ಸೂಜಿ ತೆಗೆದು, ಕಾಲು ಮೇಲೆ ಮಾಡಿ ಮಲಗಿಸಿದರೆ ಸರಿಹೋಗುತ್ತದೆ. ಈ ಕಾರಣಕ್ಕೇ ಮೊದಲ ಸಲ ಕೂತು ಮಾಡಿಸಿಕೊಳ್ಳಬೇಡಿ, ಮಲಗಿಯೇ ಮಾಡಿಸಿಕೊಳ್ಳಿ.

ಜೊತೆಗೆ ಬೇರೆ ವಿಧಾನಗಳನ್ನೂ ಸೇರಿಸಬಹುದು. ಎರಡು ಸೂಜಿಗೆ ಕ್ಲಿಪ್ ಹಾಕಿ ಸಣ್ಣ ಕರೆಂಟ್ ಹರಿಸುವುದು ಎಲೆಕ್ಟ್ರೋ ಅಕ್ಯುಪಂಕ್ಚರ್. ಒಣಗಿಸಿದ ಸೊಪ್ಪಿನ ಉಂಡೆ ಅಥವಾ ಕಡ್ಡಿ ಹೊತ್ತಿಸಿ ಪಾಯಿಂಟಿಗೆ ಶಾಖ ಕೊಡುವುದು ಮಾಕ್ಸ. ಆ ಸೊಪ್ಪು ನಮ್ಮ ದವನದ ಕುಲಕ್ಕೇ ಸೇರಿದ ಗಿಡದ್ದು. ಹೊಗೆ ದಟ್ಟವಾಗಿರುತ್ತದೆ, ಉಬ್ಬಸ ಇರುವವರು ಬೇಡ ಅನ್ನಿ. ಪಾದ ಜೋಮು ಇರುವ ಶುಗರಿನವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಅವರಿಗೂ ಬೇಡ.

ಸೂಜಿ ತೆಗೆಯುವಾಗ ಎಣಿಸಿ. ಹಾಕುವಾಗ ಎಷ್ಟು, ತೆಗೆಯುವಾಗ ಎಷ್ಟು? ಕೂದಲಿನೊಳಗೆ, ಕಿವಿಯ ಹಿಂದೆ ಒಂದು ಉಳಿದುಬಿಡುವುದುಂಟು. ಎಣಿಕೆ ಹೇಳಿ ಅಂತ ಕೇಳಿದರೆ ತಪ್ಪಿಲ್ಲ.

ಹಂತ 7: ಮನೆಗೆ ಬಂದ ಮೇಲೆ

ಹತ್ತು ನಿಮಿಷ ಅಲ್ಲೇ ಕೂತು, ನೀರು ಕುಡಿದು ಎದ್ದು ಬನ್ನಿ. ಮೊದಲ ದಿನ ಬೈಕ್, ಜೀಪು ಓಡಿಸಿಕೊಂಡು ಘಾಟಿ ಹತ್ತಬೇಡಿ. ಮಂಪರು ಇರುತ್ತದೆ. ಚುಚ್ಚಿದ ಕಡೆ ಒಂದು ಹನಿ ರಕ್ತ, ಸಣ್ಣ ನೀಲಿ ಕಲೆ, ಒಂದು ದಿನದ ಮೈಕೈ ನೋವು ಮಾಮೂಲಿ. ನೋವು ಇಳಿಯಿತು ಅಂತ ಮರುದಿನವೇ ಕಳೆ ಹೊಡೆಯುವ ಮಷಿನ್ ಹೆಗಲಿಗೇರಿಸಬೇಡಿ. ಇಳಿದಿರುವುದು ನೋವು, ಸೊಂಟದ ಬಲ ಇನ್ನೂ ಬಂದಿಲ್ಲ. ನೋವಿಲ್ಲದ ಆ ದಿನಗಳನ್ನು ಸೊಂಟ, ತೊಡೆಯ ವ್ಯಾಯಾಮಕ್ಕೆ ಬಳಸಿಕೊಳ್ಳಿ. ಅಕ್ಯುಪಂಕ್ಚರಿನ ನಿಜವಾದ ಉಪಯೋಗ ಅದೇ ಅಂತ ನನಗನ್ನಿಸುತ್ತದೆ. ವ್ಯಾಯಾಮ ಮಾಡಲು ಬಿಡದ ನೋವನ್ನು ಅದು ಸ್ವಲ್ಪ ಪಕ್ಕಕ್ಕೆ ಸರಿಸಿ ಕೊಡುತ್ತದೆ.

ಒಂದು ಅಪಾಯ ಅಪರೂಪ, ಆದರೆ ಗೊತ್ತಿರಲೇಬೇಕು. ಹೆಗಲ ಮೇಲೆ, ಬೆನ್ನಿನ ಮೇಲ್ಭಾಗದಲ್ಲಿ, ಎದೆಯ ಕಡೆ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಆಗ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಉಸಿರಾಡುವಾಗ ಎದೆ ಚುಚ್ಚುತ್ತದೆ, ಏದುಸಿರು ಬರುತ್ತದೆ. ಗ್ಯಾಸ್ ಅಂತ ಕಷಾಯ ಕುಡಿದು ಮಲಗಬೇಡಿ. 108ಕ್ಕೆ ಫೋನ್ ಮಾಡಿ, ಅಕ್ಯುಪಂಕ್ಚರ್ ಮಾಡಿಸಿದ್ದನ್ನು ಡಾಕ್ಟರಿಗೆ ಹೇಳಿ. ಚುಚ್ಚಿದ ಜಾಗ ಕೆಂಪಾಗಿ ಊದಿ ಕೀವು ಕಟ್ಟಿದರೂ, ಕೈ ಅಥವಾ ಕಾಲಿನಲ್ಲಿ ಹೊಸದಾಗಿ ಬಲ ಕಡಿಮೆಯಾದರೂ ಕಾಯಬೇಡಿ.

ಹಂತ 8: ಎಲ್ಲಿಗೆ ನಿಲ್ಲಿಸಬೇಕು?

ಒಂದು ಹಳೆಯ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ರಾತ್ರಿ ಮೂರೇ ವಿಷಯ ಬರೆಯಿರಿ. ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ನೋವಿನ ಮಾತ್ರೆ ಎಷ್ಟು ನುಂಗಿದೆ, ಯಾವ ಕೆಲಸ ಮಾಡಲು ಆಯಿತು. "ಇವತ್ತು ಮೆಟ್ಟಿಲು ಹತ್ತಿದೆ", "ನೆಲದಲ್ಲಿ ಕೂತು ಎದ್ದೆ" ಅಂತ ಬರೆದರೆ ಸಾಕು. ಚಿಕಿತ್ಸೆಗೆ ಒಂದು ವಾರ ಮೊದಲೇ ಶುರು ಮಾಡಿದರೆ ಹೋಲಿಸಲು ಸುಲಭ.

ಐದಾರು ಸಲ ಆದ ಮೇಲೆ ಪುಟ ತಿರುವಿ ನೋಡಿ. ಅಂಕ ಏಳರಿಂದ ನಾಲ್ಕಕ್ಕೆ ಇಳಿದಿದೆಯಾ? ಮಾತ್ರೆ ಕಡಿಮೆಯಾಗಿದೆಯಾ? ಹಾಗಿದ್ದರೆ ಒಂದು ಸುತ್ತು ಮುಗಿಸಿ, ಅಂದರೆ ಒಟ್ಟು ಹತ್ತು ಹನ್ನೆರಡು ಸಲ. ಏನೂ ಬದಲಾಗಿಲ್ಲ ಅಂದರೆ ನಿಲ್ಲಿಸಿ. "ಮೊದಲು ಜಾಸ್ತಿಯಾಗಿ ಆಮೇಲೆ ಕಡಿಮೆಯಾಗುತ್ತೆ, ಇನ್ನೂ ಹತ್ತು ಸಲ ಬನ್ನಿ" ಅನ್ನುವ ಮಾತಿಗೆ ದುಡ್ಡು ಸುರಿಯಬೇಡಿ. ಮತ್ತೆ ಮೂಳೆ ಡಾಕ್ಟರ ಹತ್ತಿರ ಹೋಗಿ, ಅದೇ ನೋಟ್‌ಬುಕ್ ತೋರಿಸಿ. ಅವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಸೂಜಿ ಅಂದರೆ ಭಯ ಅನ್ನುವವರಿಗೆ

ಎಲ್ಲದಕ್ಕೂ ಸೂಜಿಯೇ ಬೇಕಿಲ್ಲ. ಬೆರಳಿನಿಂದ ಒತ್ತುವುದಕ್ಕೆ ಅಕ್ಯುಪ್ರೆಶರ್ ಅನ್ನುತ್ತಾರೆ. ಶಿರಾಡಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ವಾಂತಿ ಬರುವವರು ಇದನ್ನು ಕಲಿತುಕೊಳ್ಳಬಹುದು. ಅಂಗೈ ಮೇಲ್ಮುಖವಾಗಿರುವ ಹಾಗೆ ಕೈ ಚಾಚಿ. ಮಣಿಕಟ್ಟಿನ ಗೆರೆಯ ಮೇಲೆ ಇನ್ನೊಂದು ಕೈಯ ಮೂರು ಬೆರಳು ಅಡ್ಡವಾಗಿಟ್ಟು, ಮೊಣಕೈ ಕಡೆಗೆ ಅಳೆಯಿರಿ. ಮುಷ್ಟಿ ಸ್ವಲ್ಪ ಬಿಗಿದರೆ ಅಲ್ಲಿ ಎರಡು ಗಟ್ಟಿ ನಾರುಗಳು ಎದ್ದು ಕಾಣುತ್ತವೆ. ಅವೆರಡರ ನಡುವಿನ ಹಳ್ಳವೇ ಜಾಗ. ಅದರ ಹೆಸರು ನೈಗುವಾನ್. ಹೆಬ್ಬೆರಳಿನಿಂದ ನೋವಾಗದಷ್ಟು ಗಟ್ಟಿಯಾಗಿ ಎರಡು ಮೂರು ನಿಮಿಷ ಒತ್ತಿ, ಉಜ್ಜಬೇಡಿ. ಆಮೇಲೆ ಇನ್ನೊಂದು ಕೈಗೆ ಮಾಡಿ. ಆಪರೇಷನ್ ನಂತರದ ವಾಕರಿಕೆಗೆ ಹೆಚ್ಚು ಅಧ್ಯಯನ ಆಗಿರುವುದು ಇದೇ ಪಾಯಿಂಟಿನ ಮೇಲೆ. ಬಸ್ಸಿನ ವಾಂತಿಗೆ ಕೆಲವರಿಗೆ ಕೆಲಸ ಮಾಡುತ್ತದೆ, ಕೆಲವರಿಗೆ ಇಲ್ಲ. ಬಸ್ ಸಕಲೇಶಪುರ ಅಥವಾ ಕೊಟ್ಟಿಗೆಹಾರ ಬಿಡುವ ಮೊದಲೇ ಶುರು ಮಾಡಿ, ಮುಂದಿನ ಸೀಟು ಹಿಡಿಯಿರಿ. ಬಾಯಲ್ಲಿ ನೀರೂರಲು ಶುರುವಾದ ಮೇಲೆ ಒತ್ತಿದರೆ ಅಷ್ಟಾಗಿ ಉಪಯೋಗವಾಗುವುದಿಲ್ಲ.